ಎಸ್ಟಿಮೇಟಿನಲ್ಲಿ ಸೈಕಲ್ಲಿಗೊಂದು ಸಾಲು



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ವಚನ, ಜಾನಪದ, ಚೆನ್ನಮ್ಮ, ರಾಯಣ್ಣ ಇಂಥ ವಿಷಯಗಳನ್ನು ಕೊಡುತ್ತಾರೆ. ಸಂಘಟಕರು ಈ ಸಲ ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಸೈಕಲ್ಲನ್ನು ಆರಿಸಿಕೊಂಡೆ. ಅದರಲ್ಲೂ ಸೈಕಲ್ ತುಳಿಯುವವರ ಹಾದಿಗೆ ರೊಕ್ಕ ಎಲ್ಲಿಂದ ಬರಬೇಕು ಎಂಬುದನ್ನು. ರಸ್ತೆ ಕಟ್ಟುವ ಇಲಾಖೆಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಕುಳಿತು ಬಿಲ್ಲು ಪರಿಶೀಲಿಸುತ್ತಲೇ ನಿವೃತ್ತನಾದವನಿಗೆ ಬೇರೇನು ತೋಚೀತು?

ಈ ನೆಲದಲ್ಲಿ ನಿಂತು ದತ್ತಿಯ ಮಾತಾಡುವಾಗ ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಆ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಹೆಸರು ಬಂದದ್ದು ಅವರಿಂದ. ಫೀಸಿಗೆ, ಪುಸ್ತಕಕ್ಕೆ, ಪ್ರಸಾದ ನಿಲಯಕ್ಕೆ ದತ್ತಿ ಇಟ್ಟವರು ನಮ್ಮಲ್ಲಿ ಹಳ್ಳಿಗೊಬ್ಬರಾದರೂ ಸಿಗುತ್ತಾರೆ. ಮನೆಯಿಂದ ಶಾಲೆಯವರೆಗಿನ ಹಾದಿಗೆ ಇಟ್ಟವರ ಹೆಸರನ್ನು ನಾನಂತೂ ಕೇಳಿಲ್ಲ. ಹಾದಿ ಸರಕಾರದ ಕೆಲಸ ಎಂದು ಹಿರಿಯರು ನಂಬಿದ್ದರು, ನಂಬಿದ್ದು ಸರಿಯೇ. ಸರಕಾರ ಆ ಕೆಲಸವನ್ನು ಯಾರಿಗಾಗಿ ಮಾಡುತ್ತಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ನಮ್ಮ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಬಸ್ಸು, ಟಂಟಂ, ಮೋಟರ್‌ಸೈಕಲ್ಲು, ಟ್ರ್ಯಾಕ್ಟರು. ಇವು ಸಿಗದವರಿಗೆ ಕಾಲ್ನಡಿಗೆ, ಇಲ್ಲವೇ ಸೈಕಲ್ಲು. 2011ರ ಜನಗಣತಿ ದುಡಿಯುವವರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತು. ದೇಶದಲ್ಲಿ ಲೆಕ್ಕಕ್ಕೆ ಸಿಕ್ಕವರಲ್ಲಿ ಸೈಕಲ್ಲಿನಲ್ಲಿ ಹೋಗುವವರು ಸುಮಾರು ಶೇ 13. ಮೋಟರ್‌ಸೈಕಲ್ಲು, ಸ್ಕೂಟರುಗಳಲ್ಲಿ ಹೋಗುವವರೂ ಸರಿಸುಮಾರು ಅಷ್ಟೇ. ಈ ಪ್ರಶ್ನೆಯನ್ನು ಒಕ್ಕಲಿಗರಿಗೆ, ಕೃಷಿ ಕೂಲಿಗಳಿಗೆ, ಮನೆಯಲ್ಲೇ ಕಸುಬು ನಡೆಸುವವರಿಗೆ ಅನ್ವಯಿಸಲಿಲ್ಲ. ಅಂದರೆ ಬೈಲಹೊಂಗಲದ ಹತ್ತಿ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಆಳು ಅದರಲ್ಲಿಲ್ಲ. ರಾಮದುರ್ಗದಲ್ಲಿ ನೂಲಿನ ಗಂಟನ್ನು ಕ್ಯಾರಿಯರಿಗೆ ಬಿಗಿದು ಮಗ್ಗದ ಮನೆಗೆ ಮರಳುವ ನೇಕಾರ ಅದರಲ್ಲಿಲ್ಲ. ಶಾಲೆ ಮಕ್ಕಳಂತೂ ದುಡಿಯುವವರೇ ಅಲ್ಲ. ನಮ್ಮ ಕಡೆ ಸೈಕಲ್ ತುಳಿಯುವ ಮುಖ್ಯ ಮಂದಿಯೆಲ್ಲ ಆ ಪಟ್ಟಿಯಿಂದ ಹೊರಗೇ ಉಳಿದರು. ಲೆಕ್ಕದಲ್ಲಿ ಇಲ್ಲದವರಿಗೆ ಅನುದಾನ ಬರುವುದಿಲ್ಲ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಎಂಜಿನಿಯರುಗಳ ಪುಸ್ತಕದಲ್ಲೂ ಇದೇ ಕಥೆ. ಸೈಕಲ್ ಪಥದ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಒಂದು ಮಾರ್ಗಸೂಚಿ ತಂದಿತ್ತು. ತಾಸಿಗೆ ನೂರರಿಂದ ಇನ್ನೂರು ಮೋಟರು ವಾಹನ ಓಡುವ ರಸ್ತೆಯಲ್ಲಿ, ದಟ್ಟಣೆಯ ಹೊತ್ತಿಗೆ ನಾನೂರು ಸೈಕಲ್ಲು ಬಂದರೆ ಬೇರೆ ಪಥ ಹಾಕಬಹುದು. ಮೋಟರು ವಾಹನ ಇನ್ನೂರು ದಾಟಿದರೆ ನೂರು ಸೈಕಲ್ಲು ಸಾಕು. ಕಾರ್ಖಾನೆ, ಗಿರಣಿಗಳ ಪಟ್ಟಣಕ್ಕೆ ಬರೆದ ಸೂತ್ರವಿದು. ಆ ಮಟ್ಟಿಗೆ ತಪ್ಪಿಲ್ಲ. ಆದರೆ ಹೂಲಿಗೂ ಸವದತ್ತಿಗೂ ನಡುವೆ ತಾಸಿಗೆ ನಾನೂರು ಸೈಕಲ್ಲು ಯಾವ ಕಾಲಕ್ಕೆ ಬರಬೇಕು? ಬೆಳಿಗ್ಗೆ ಒಂಬತ್ತಕ್ಕೆ ಮೂವತ್ತು ಮಕ್ಕಳು, ಸಂಜೆ ಐದಕ್ಕೆ ಅದೇ ಮೂವತ್ತು ಮಕ್ಕಳು ಹಾದುಹೋಗುವ ಹಳ್ಳಿಯ ರಸ್ತೆ ಇಂಥ ಸೂತ್ರದಲ್ಲಿ ಎಂದೂ ಪಾಸಾಗುವುದಿಲ್ಲ.

ಹಾಗಾದರೆ ಹಳ್ಳಿಯಲ್ಲಿ ಸೈಕಲ್ ಹಾದಿ ಎಂದರೆ ಏನು? ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಡೀ ವಿಷಯದ ಕೀಲು ಇರುವುದು ಡಾಂಬರಿನ ಅಂಚಿನಲ್ಲಿ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್‌ನಲ್ಲಿ ಶುರುವಾಯಿತು. ಅದರ ರಸ್ತೆಗಳಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರು. ಎರಡೂ ಮಗ್ಗಲು ಸೇರಿದರೆ ಒಟ್ಟು 7.5 ಮೀಟರು. ಅಂದರೆ ಡಾಂಬರಿನ ಆಚೀಚೆ ಒಂದೊಂದು ಬದಿಗೆ 1.875 ಮೀಟರು ಮಗ್ಗಲು ಇರಬೇಕು. ಎಂಜಿನಿಯರುಗಳು ಅದಕ್ಕೆ ಶೋಲ್ಡರ್ ಎನ್ನುತ್ತಾರೆ. ಒಂದು ಬಸ್ಸಿನ ಅಗಲ ಎರಡೂವರೆ ಮೀಟರು. ಎದುರಿನಿಂದ ಇನ್ನೊಂದು ದೊಡ್ಡ ಗಾಡಿ ಬಂದರೆ ಎರಡಕ್ಕೂ ಡಾಂಬರು ಸಾಲುವುದಿಲ್ಲ. ಒಂದೊಂದು ಗಾಲಿಯನ್ನು ಮಗ್ಗಲಿಗೆ ಇಳಿಸಲೇಬೇಕು. ಆ ಇಬ್ಬರು ಚಾಲಕರೂ ಇಳಿಸುವ ಮೊದಲೇ ಸೈಕಲ್ಲಿನವನು ಇಳಿದಿರಬೇಕು. ಹಾಗಾಗಿ ಕಾಗದದ ಮೇಲೆ ನಮ್ಮ ಹಳ್ಳಿಯ ರಸ್ತೆಗಳಿಗೆಲ್ಲ ಸೈಕಲ್ ಹಾದಿ ಇದ್ದೇ ಇದೆ. ಆ ಮಗ್ಗಲೇ ಅದು. ನೆಲದ ಮೇಲೆ ಅದರ ಗತಿ ಏನಾಗಿದೆ ನೋಡಿ.

ಬೈಲಹೊಂಗಲ, ಸವದತ್ತಿಯ ಬಯಲು ಎರಿ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಗಾಲಿಗೆ ಅಂಟಿ ಸೈಕಲ್ಲನ್ನೇ ಹೊತ್ತುಕೊಂಡು ನಡೆಯುವ ಹಾಗೆ ಮಾಡುತ್ತದೆ. ಇಂಥ ನೆಲದಲ್ಲಿ ಮಗ್ಗಲಿಗೆ ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಿದರೆ ಮಾತ್ರ ಅದು ಹಾದಿ. ಹಾಕದಿದ್ದರೆ ಕೆಸರಿನ ಕಾಲುವೆ. ಎಸ್ಟಿಮೇಟಿನಲ್ಲಿ ಗರಸಿನ ಐಟಂ ಇರುತ್ತದೆ. ಆದರೆ ಕಾಮಗಾರಿಯ ಹಣ ಎಲ್ಲಾದರೂ ಮೊಟಕಾದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ನನ್ನ ಟೇಬಲ್ಲಿನ ಮೇಲೆ ಹಾದುಹೋದ ಬಿಲ್ಲುಗಳಲ್ಲಿ ಡಾಂಬರಿನ ಐಟಂ ಬಿಟ್ಟುಹೋದದ್ದನ್ನು ನಾನು ನೋಡಿಲ್ಲ.

ಆಮೇಲೆ ಮರುಡಾಂಬರೀಕರಣ ಬರುತ್ತದೆ. ಒಂದು ಪದರದ ಮೇಲೆ ಇನ್ನೊಂದು ಪದರ. ಪ್ರತಿ ಪದರಕ್ಕೂ ಡಾಂಬರು ಮೇಲೇರುತ್ತದೆ, ಮಗ್ಗಲು ಇದ್ದಲ್ಲೇ ಇರುತ್ತದೆ. ಹೀಗೆ ಹಲವು ಸಲವಾದರೆ ಅಂಚಿನಲ್ಲಿ ಗೇಣೆತ್ತರದ ಮೆಟ್ಟಿಲು. ಬಸ್ಸಿನ ಹಾರನ್ನಿಗೆ ಹೆದರಿ ಕೆಳಗಿಳಿದ ಹುಡುಗಿಗೆ ಮತ್ತೆ ಮೇಲೆ ಹತ್ತಲು ಬರುವುದಿಲ್ಲ. ಓರೆಯಾಗಿ ಹತ್ತಿಸಲು ಹೋದರೆ ಗಾಲಿ ಜಾರಿ ಡಾಂಬರಿನ ಮೇಲೇ ಬೀಳುತ್ತಾಳೆ. ಸವದತ್ತಿ ಕಡೆಯ ಸೈಕಲ್ ರಿಪೇರಿಯವರೊಬ್ಬರು ನನಗೆ ಹೇಳಿದ್ದು: “ಪಂಚರ್ ಏನ್ರೀ ಸರ, ಹತ್ತು ನಿಮಿಷದ ಕೆಲಸ. ನನ್ನ ಹತ್ರ ಬರೋದು ರಿಮ್ಮ ಬಾಗಿದ್ದು. ಅಂಚಿಗೆ ಹಾಯ್ದು ಬರ್ತಾವ್ರಿ.” ಒಬ್ಬ ಎಕ್ಸಿಕ್ಯೂಟಿವ್ ಎಂಜಿನಿಯರ್ ಬರೆದ ತಪಾಸಣಾ ವರದಿಗಿಂತ ನನಗೆ ಈ ಮಾತು ಹೆಚ್ಚು ಉಪಯುಕ್ತ ಎನಿಸಿತು.

ಅಂಚಿನ ಕಥೆ ಇನ್ನೂ ಇದೆ. ಬಳ್ಳಾರಿ ಜಾಲಿ ಮಗ್ಗಲಿಗೆ ಬಾಗಿ ಮುಳ್ಳು ಉದುರಿಸುತ್ತದೆ. ಕೆಲವು ಕಡೆ ಹೊಲದ ನೇಗಿಲು ಡಾಂಬರಿನವರೆಗೂ ಬಂದಿರುತ್ತದೆ. ನೀರಿನ ಪೈಪಿಗೋ ಕೇಬಲ್ಲಿಗೋ ಅಗೆದ ತಗ್ಗನ್ನು ಮಗ್ಗಲಲ್ಲೇ ಸಡಿಲಾಗಿ ಮುಚ್ಚಿರುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಊರುಗಳಿಗೆ ನುಗ್ಗಿದಾಗ ರಸ್ತೆಗಳೂ ಹೋದವು. ಇಂಥ ಹೊತ್ತಿನಲ್ಲಿ ಗಾಡಿ ಓಡುವಷ್ಟು ಮೊದಲು ಮಾಡಿ ಎಂಬ ಒತ್ತಡವಿರುತ್ತದೆ, ಮಗ್ಗಲು ಆಮೇಲೆ ಎನ್ನುತ್ತಾರೆ. ಆ ಆಮೇಲೆ ಬರುವುದೇ ಅಪರೂಪ. ಇದರ ಮೇಲೆ ಕಬ್ಬಿನ ಹಂಗಾಮು. ದೀಪಾವಳಿ ಕಳೆದ ಮೇಲೆ ಎಂ.ಕೆ. ಹುಬ್ಬಳ್ಳಿ ಮುಂತಾದ ಕಡೆಯ ಸಕ್ಕರೆ ಕಾರ್ಖಾನೆಗಳತ್ತ ಎರಡೆರಡು ಡಬ್ಬಿಯ ಟ್ರ್ಯಾಕ್ಟರುಗಳು ಹೊರಡುತ್ತವೆ. ಕಬ್ಬಿನ ಹೊರೆ ಡಬ್ಬಿಯ ಆಚೀಚೆ ಚಾಚಿರುತ್ತದೆ, ಹಿಂದೆ ದೀಪವಿರುವುದಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗನಿಗೆ ಆ ನಾಲ್ಕು ತಿಂಗಳು ಮಗ್ಗಲೇ ಜೀವ.

ಜೀವ ಎಂದದ್ದು ಸುಮ್ಮನಲ್ಲ. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸೈಕಲ್ಲಿನವರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು.

ಇನ್ನು ರೊಕ್ಕದ ಇತಿಹಾಸ. ಸಭೆಯಲ್ಲಿರುವ ಹಿರಿಯರಿಗೆ ಸೈಕಲ್ ಬಿಲ್ಲೆ ನೆನಪಿರಬೇಕು. ವರ್ಷಕ್ಕೊಮ್ಮೆ ಪುರಸಭೆಗೆ ತೆರಿಗೆ ಕಟ್ಟಿ, ತಗಡಿನ ಬಿಲ್ಲೆ ತಂದು ಹ್ಯಾಂಡಲ್ಲಿನ ಕೆಳಗೆ ಬಿಗಿಯಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ಸೀಟ್ ಹೋದರೆ ಹಿಡಿದು ನಿಲ್ಲಿಸುತ್ತಿದ್ದರು. ಮೋಟರು ಇಲ್ಲದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೂ ಇತ್ತು. ಆ ತೆರಿಗೆ ನಿಂತದ್ದು ಒಳ್ಳೆಯದೇ ಆಯಿತು. ವಸೂಲಿಗೆ ಹೋದವನ ಪಗಾರವೂ ಅದರಿಂದ ಹುಟ್ಟುತ್ತಿರಲಿಲ್ಲವೇನೋ. ಆದರೆ ಲೆಕ್ಕದವನಾಗಿ ನನಗೊಂದು ಸಂಗತಿ ಕಾಣುತ್ತದೆ. ಬಿಲ್ಲೆ ಇದ್ದ ಕಾಲದಲ್ಲಿ ಪುರಸಭೆಗೆ ಊರಲ್ಲಿ ಎಷ್ಟು ಸೈಕಲ್ಲು ಇವೆ ಎಂಬುದು ಗೊತ್ತಿತ್ತು, ಮತ್ತು ಸೈಕಲ್ಲಿನವನಿಗೆ ರಸ್ತೆಯ ಬಗ್ಗೆ ಜಬರದಸ್ತಿನಿಂದ ಕೇಳಲು ಕೈಯಲ್ಲೊಂದು ರಸೀದಿ ಇತ್ತು. ಬಿಲ್ಲೆಯ ಜೊತೆಗೆ ಎರಡೂ ಹೋದವು.

ಈಗ ಕಾರಿನವರು ರಸ್ತೆ ನಮ್ಮ ತೆರಿಗೆಯದು ಎನ್ನುವುದುಂಟು. ಪೆಟ್ರೋಲು ಡೀಸೆಲಿನ ಸೆಸ್ಸಿನಿಂದ ಕೇಂದ್ರದ ರಸ್ತೆ ನಿಧಿ ತುಂಬುತ್ತದೆ ಎಂಬುದು ನಿಜ. ಹಳ್ಳಿಯ ರಸ್ತೆಗೆ ಖರ್ಚಾಗುವ ಹಣದಲ್ಲಿ ದೊಡ್ಡ ಪಾಲು ರಾಜ್ಯದ ಸಾಮಾನ್ಯ ಬೊಕ್ಕಸದ್ದು. ಸಾಬೂನು ಕೊಂಡವನೂ ಅದಕ್ಕೆ ಕೊಟ್ಟಿರುತ್ತಾನೆ. ಸೈಕಲ್ ಕೊಂಡವನೂ ಜಿಎಸ್‌ಟಿ ಕಟ್ಟುತ್ತಾನೆ. 2025ರ ಸೆಪ್ಟೆಂಬರ್‌ವರೆಗೆ ಅದು ಶೇ 12 ಇತ್ತು, ಈಗ ಶೇ 5.

ಸರಕಾರ ಸೈಕಲ್ಲಿಗೆ ಹಣ ಹಾಕಿಲ್ಲವೇ ಎಂದರೆ ಹಾಕಿದೆ, ಅದೂ ದೊಡ್ಡದಾಗಿ. 2006–07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಆಮೇಲೆ ಹುಡುಗರಿಗೂ. ಅದೇ ವರ್ಷ ಬಿಹಾರದಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ಲಿಗಾಗಿ ಎರಡು ಸಾವಿರ ರೂಪಾಯಿ ಕೊಡುವ ಯೋಜನೆ ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೆಚ್ಚು ಫಲ ಕಂಡದ್ದು ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲಿ. ಇಂಥ ದೂರಗಳು ಕಟಕೋಳ, ಮುರಗೋಡ, ಸುರೇಬಾನ ಸುತ್ತಿನ ಹಳ್ಳಿಯವರಿಗೆ ಹೊಸವಲ್ಲ.

ನಮ್ಮ ಯೋಜನೆ ಕೋವಿಡ್ ವರ್ಷ 2020–21ರಲ್ಲಿ ನಿಂತಿತು. ಅದನ್ನು ಮತ್ತೆ ಶುರುಮಾಡಿ ಎಂಬ ಬೇಡಿಕೆ ಇದೆ, ನನ್ನದೂ ಒಂದು ಸಹಿ ಇರಲಿ. ಆದರೆ ಅದು ನಡೆಯುತ್ತಿದ್ದ ಕಾಲದಲ್ಲೂ ಶಿಕ್ಷಣ ಇಲಾಖೆ ಸೈಕಲ್ ಕೊಡುತ್ತಿತ್ತು, ರಸ್ತೆಯ ಇಲಾಖೆ ಅದೇ ವರ್ಷ ಅದೇ ಊರಿಗೆ ಮಗ್ಗಲು ಇಲ್ಲದ ಡಾಂಬರು ಕೊಡುತ್ತಿತ್ತು. ಎರಡೂ ಫೈಲುಗಳು ಒಂದೇ ವಿಧಾನಸೌಧದಲ್ಲಿ ಮಂಜೂರಾದವು. ಒಂದರ ಗುರುತು ಇನ್ನೊಂದಕ್ಕಿರಲಿಲ್ಲ.

ಪಟ್ಟಣಗಳ ಕಡೆ ಬಂದರೆ ಸೈಕಲ್ಲಿನ ಹೆಸರಲ್ಲೇ ಬಂದ ಹಣವೂ ಇದೆ. ಮೈಸೂರಿನ ಬಾಡಿಗೆ ಸೈಕಲ್ಲಿನ ಯೋಜನೆ ‘ಟ್ರಿಣ್ ಟ್ರಿಣ್’ 2017ರ ಜೂನ್ 4ರಂದು ಆರಂಭವಾಯಿತು, 450 ಸೈಕಲ್ಲುಗಳೊಂದಿಗೆ. ಅದಕ್ಕೆ ವಿಶ್ವಬ್ಯಾಂಕ್ ಮೂಲಕ ಜಾಗತಿಕ ಪರಿಸರ ನಿಧಿಯ ನೆರವಿತ್ತು. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಗುಂಟ ಸೈಕಲ್ ಮತ್ತು ನಡಿಗೆಯ ಹಾದಿಗೆ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ಹಣ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಬಿಡಿಸಿದ ಸೈಕಲ್ ಪಥ ಬಹಳ ಕಾಲ ಬಾಳಲಿಲ್ಲ. ಅದೇ 2020ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಸೈಕಲ್ಲಿಗೆಂದೇ ಒಂದು ಸ್ಪರ್ಧೆ ಏರ್ಪಡಿಸಿ, ಮರುವರ್ಷ ಗೆದ್ದ 11 ನಗರಗಳಿಗೆ ತಲಾ ಒಂದು ಕೋಟಿ ಕೊಟ್ಟಿತು, ಬೆಂಗಳೂರೂ ಗೆದ್ದಿತು. ಬೆಳಗಾವಿ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಆಯಿತು. ಈ ಎಲ್ಲ ಹಣ ಮಹಾನಗರ ಪಾಲಿಕೆಗಳ ಬಾಗಿಲಲ್ಲೇ ನಿಂತಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳಿಗಾಗಲಿ ಕಿತ್ತೂರಿನ ಪಟ್ಟಣ ಪಂಚಾಯಿತಿಗಾಗಲಿ ಅರ್ಜಿ ಹಾಕುವ ಅರ್ಹತೆಯೇ ಇರಲಿಲ್ಲ. ಮೂರೂ ಪುರಸಭೆಗಳ ಜನಸಂಖ್ಯೆ 2011ರಲ್ಲಿ ತಲಾ ಐವತ್ತು ಸಾವಿರದೊಳಗಿತ್ತು.

ಅದಕ್ಕೆ ನನಗೆ ಬಹಳ ಬೇಸರವೇನೂ ಇಲ್ಲ. ಬೈಲಹೊಂಗಲದ ಬಜಾರಿನಲ್ಲಿ ಹಸಿರು ಬಣ್ಣ ಬಳಿದ ಪಟ್ಟೆಯೊಂದನ್ನು ಹಾಕಿದರೆ ಮೂರನೇ ದಿನ ಅದರ ಮೇಲೆ ಬಾಳೆಹಣ್ಣಿನ ಗಾಡಿ ನಿಂತಿರುತ್ತದೆ. ಗಾಡಿಯವನ ಹೊಟ್ಟೆಪಾಡೂ ನಿಜವೇ. ನಮಗೆ ಬೇಕಾದ್ದು ಬೇರೆ ಯೋಜನೆಯಲ್ಲ. ಇರುವ ಪ್ರತಿ ರಸ್ತೆಯ ಎಸ್ಟಿಮೇಟಿನಲ್ಲಿ ಸೈಕಲ್ಲಿನ ಹೆಸರಲ್ಲಿ ಒಂದು ಸಾಲು, ಅದನ್ನು ಕತ್ತರಿಸಲು ಬಾರದಂಥ ಒಂದು ನಿಯಮ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಇಂಥ ಕಾಯ್ದೆ ಮಾಡಿತು. ಹೆದ್ದಾರಿ ನಿಧಿಯ ಪಾಲು ಪಡೆಯುವ ರಾಜ್ಯ, ಜಿಲ್ಲೆ, ನಗರ ಎಲ್ಲರೂ ಅದರಲ್ಲಿ ಕನಿಷ್ಠ ಶೇ 1ನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಖರ್ಚು ಮಾಡಬೇಕು. ಮುಖ್ಯವಾದದ್ದು ಎರಡನೆಯ ಭಾಗ: ರಸ್ತೆಯನ್ನು ಹೊಸದಾಗಿ ಕಟ್ಟಿದಾಗ ಅಥವಾ ಮರಳಿ ಕಟ್ಟಿದಾಗ ಅವರಿಗೆ ಜಾಗ ಬಿಡಲೇಬೇಕು, ಬಿಡದಿದ್ದರೆ ಯಾಕೆ ಬಿಡಲಿಲ್ಲ ಎಂಬುದಕ್ಕೆ ಕಾಯ್ದೆಯಲ್ಲಿ ಹೇಳಿದ ಕಾರಣವಿರಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2016ರ ವರದಿಯಲ್ಲಿ ಸಾರಿಗೆ ಬಜೆಟ್ಟಿನ ಶೇ 20 ನಡಿಗೆಗೆ, ಸೈಕಲ್ಲಿಗೆ ಇರಲಿ ಎಂದು ಸಲಹೆ ಕೊಟ್ಟಿತು. ನಾನು ಇಪ್ಪತ್ತರ ಆಸೆಗೆ ಹೋಗುವುದಿಲ್ಲ. ಒಂದು ಸಿಕ್ಕರೂ ಗರಸಿಗೆ ಸಾಕು.

ನಮ್ಮಲ್ಲಿ ಇದಕ್ಕೆ ಹೊಂದುವ ಹಳೆಯ ಉದಾಹರಣೆಯೊಂದಿದೆ. ಪಟ್ಟಣದಲ್ಲಿ ಮನೆಪಟ್ಟಿ ಕಟ್ಟುವವರು ರಸೀದಿಯನ್ನೊಮ್ಮೆ ಓದಿ. ಗ್ರಂಥಾಲಯ ಕರ ಎಂದು ರೂಪಾಯಿಗೆ 6 ಪೈಸೆ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲದ ಮೇಲೆ ಬಂದ ಆ ಪೈಸೆಗಳಿಂದಲೇ ಪುಸ್ತಕ, ಪತ್ರಿಕೆ ಬಂದವು. ಸಂಗ್ರಹಿಸಿದ ಕರವನ್ನು ಪುರಸಭೆಗಳು ಗ್ರಂಥಾಲಯಕ್ಕೆ ಸಕಾಲಕ್ಕೆ ದಾಟಿಸುವುದಿಲ್ಲ ಎಂಬ ದೂರು ಹಳೆಯದು, ಅದನ್ನು ಮರೆಮಾಚುವುದಿಲ್ಲ. ಆದರೂ ಹೆಸರಿಟ್ಟು ಎತ್ತಿಟ್ಟ ಹಣವನ್ನು ಇವತ್ತಲ್ಲ ನಾಳೆ ಕೇಳಿ ಪಡೆಯಬಹುದು. ಹೆಸರಿಲ್ಲದ ಹಣವನ್ನು ಕೇಳಲಿಕ್ಕೂ ಬರುವುದಿಲ್ಲ.

ಈಗ ಇರುವ ಹಣ ಯಾವುದು? ರಸ್ತೆಯ ಕಚೇರಿಗಳಲ್ಲಿ ಎರಡು ಸಂಖ್ಯೆಗಳನ್ನು ದೇವರ ಹೆಸರಿನ ಹಾಗೆ ಜಪಿಸುತ್ತಾರೆ: 3054 ಮತ್ತು 5054. ಮೊದಲನೆಯದು ರಸ್ತೆ ಸೇತುವೆಗಳ ರಾಜಸ್ವ ವೆಚ್ಚದ ಲೆಕ್ಕ ಶೀರ್ಷಿಕೆ, ನಿರ್ವಹಣೆ ಬಹುಪಾಲು ಅದರಲ್ಲಿ. ಎರಡನೆಯದು ಬಂಡವಾಳ ವೆಚ್ಚ. ಸೈಕಲ್ಲಿಗೆ ಬೇರೆ ಶೀರ್ಷಿಕೆ ತೆಗೆಯಿರಿ ಎಂದು ಕೇಳಿದರೆ ಅದಕ್ಕೆ ಒಂದು ಕಚೇರಿ, ಒಂದು ಜೀಪು, ಒಬ್ಬ ನಿರ್ದೇಶಕ ಬರುತ್ತಾರೆ, ಗರಸು ಬರುವುದಿಲ್ಲ. 3054ರಲ್ಲಿ ಮರುಡಾಂಬರು ಹಾಕುವಾಗ ಮಗ್ಗಲನ್ನೂ ಅಷ್ಟೇ ಎತ್ತರಕ್ಕೆ ಏರಿಸಿ ಎಂಬ ಒಂದು ಸುತ್ತೋಲೆ ಹೊರಟರೆ ಅರ್ಧ ಕೆಲಸವಾಯಿತು.

ಇನ್ನೊಂದು ಇದೆ, ಇದಕ್ಕೆ ಹೊಸ ರೊಕ್ಕವೇ ಬೇಡ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಗುತ್ತಿಗೆದಾರರೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಕರಾರು ಇರುತ್ತದೆ. ಮಗ್ಗಲು ಸರಿಪಡಿಸುವುದು, ಗಿಡಗಂಟಿ ತೆಗೆಯುವುದು ಅದರಲ್ಲೇ ಸೇರಿದೆ. ಊರ ಬಾಯಿಯಲ್ಲಿ ನಿಲ್ಲಿಸಿದ ಬೋರ್ಡಿನಲ್ಲಿ ಯಾವ ವರ್ಷಕ್ಕೆ ಎಷ್ಟು ನಿರ್ವಹಣೆಯ ಹಣ ಎಂದು ಬರೆದಿರುತ್ತದೆ. ಆ ಬೋರ್ಡನ್ನು ನಮ್ಮವರು ದನ ಕಟ್ಟಲು ಬಳಸುತ್ತಾರೆ, ಓದುವುದಿಲ್ಲ.

ಗ್ರಾಮ ಪಂಚಾಯಿತಿಗಳಿಗೆ 15ನೇ ಹಣಕಾಸು ಆಯೋಗದಿಂದ 2021ರಿಂದ 2026ರವರೆಗೆ ಬಂದ ಅನುದಾನದಲ್ಲಿ ಶೇ 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಮೀಸಲಿತ್ತು. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ ಬಳಸುವ ಮುಕ್ತ ನಿಧಿ, ಪಗಾರಕ್ಕೆ ಮಾತ್ರ ಬಳಸುವಂತಿರಲಿಲ್ಲ. ಶಾಲೆಯ ಗೇಟಿನ ಮುಂದೆ ಎರಡು ರಸ್ತೆ ಉಬ್ಬು, ಬಸ್ ನಿಲ್ಲುವ ಕ್ರಾಸಿನಲ್ಲಿ ತಗಡಿನ ಮಾಡು ಹಾಕಿದ ಸೈಕಲ್ ಸ್ಟ್ಯಾಂಡು, ಒಂದು ದೀಪ: ಇಷ್ಟು ಈ ಮುಕ್ತ ನಿಧಿಯೊಳಗಿನ ಮಾತು. ಕ್ರಾಸಿನ ಸ್ಟ್ಯಾಂಡಿಗೆ ನಾನು ಒತ್ತು ಕೊಡುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಬಸ್ಸು ಕ್ರಾಸಿನವರೆಗೆ ಬರುತ್ತದೆ, ಊರು ಅಲ್ಲಿಂದ ಎರಡೋ ಮೂರೋ ಕಿಲೋಮೀಟರು ಒಳಗೆ. ಸೈಕಲ್ಲನ್ನು ಬೀಗ ಹಾಕಿ ಬಿಟ್ಟುಹೋಗುವ ಭರವಸೆಯ ಜಾಗ ಇದ್ದರೆ ಬೈಲಹೊಂಗಲದ ಕಾಲೇಜು ಆ ಹುಡುಗಿಗೆ ನಿಜವಾಗಿ ಉಚಿತವಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಹೊಲದ ಹಾದಿಗಳನ್ನು ಮಾಡಿದೆವಲ್ಲ, ಅವುಗಳಲ್ಲಿ ಎಷ್ಟೋ ಹಾದಿಗಳು ಹಳ್ಳಿಯಿಂದ ಹಳ್ಳಿಗೆ ಹತ್ತಿರದ ದಾರಿಗಳೂ ಹೌದು. ಜೋಡಿಸಿದರೆ ಮಕ್ಕಳು ಹೆದ್ದಾರಿ ಮುಟ್ಟದೆಯೇ ಶಾಲೆ ತಲುಪುತ್ತಾರೆ.

ಒಂದೊಂದು ತಾಲ್ಲೂಕಿಗೆ ಒಂದೊಂದು ವಿಶೇಷ ಹಣವೂ ಇದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ 2024ರಲ್ಲಿ ಕೇಂದ್ರದಿಂದ ನೂರು ಕೋಟಿ ರೂಪಾಯಿಯ ಪ್ರವಾಸೋದ್ಯಮ ಯೋಜನೆ ಮಂಜೂರಾಗಿದೆ. ಅದೇ ವರ್ಷ ರಾಜ್ಯ ಸರಕಾರ ಕ್ಷೇತ್ರಕ್ಕೆ ಅಭಿವೃದ್ಧಿ ಮಂಡಳಿಯನ್ನೂ ರಚಿಸಿತು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಜೋಗುಳಭಾವಿಯಲ್ಲಿ ಮಿಂದು ಗುಡ್ಡಕ್ಕೆ ನಡೆಯುವವರು ಕಾರು, ಟ್ರಕ್ಕು, ಚಕ್ಕಡಿಗಳ ನಡುವೆಯೇ ನಡೆಯುತ್ತಾರೆ. ಉಗರಗೋಳ, ಸವದತ್ತಿಗಳಿಂದ ಭಂಡಾರ, ಬಳೆ, ಕಾಯಿ ಮಾರಲು ದಿನಾ ಹೋಗುವವರ ಹಾದಿಯೂ ಅದೇ. ಪಾರ್ಕಿಂಗಿಗೆ ಎಷ್ಟು ಎಕರೆ ಎಂಬ ಚರ್ಚೆ ಸಾಕಷ್ಟಾಗಿದೆ. ಪಟ್ಟಣದಿಂದ ಗುಡ್ಡದವರೆಗೆ ಸೈಕಲ್ಲಿಗೂ ನಡೆಯುವವರಿಗೂ ಕೂಡಿ ಒಂದು ಬೇರೆ ಹಾದಿ ಇರಲಿ ಎಂಬುದನ್ನು ಮಂಡಳಿಯ ಮುಂದೆ ಯಾರಾದರೂ ಬರೆದುಕೊಟ್ಟಿದ್ದಾರೆಯೇ? ಕಿತ್ತೂರಿನ ಸಮಸ್ಯೆ ಬೇರೆ. ಅಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ದಾಟುವುದೇ ಕಷ್ಟ. ಸರ್ವಿಸ್ ರಸ್ತೆ, ಕೆಳಸೇತುವೆ ಹೆದ್ದಾರಿ ಪ್ರಾಧಿಕಾರದ ಹೊಣೆ, ಹಣ ಟೋಲಿನದು. ಕೆಳಸೇತುವೆಯಲ್ಲಿ ನಿಂತ ಮಳೆನೀರಿಗೆ ಪಟ್ಟಣ ಪಂಚಾಯಿತಿಯನ್ನು ಬೈದರೆ ಪ್ರಯೋಜನವಿಲ್ಲ. ರಾಮದುರ್ಗಕ್ಕೆ ಬಂದರೆ, ಆ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಮಕ್ಕಳು ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ರೇಸಿಗೆ ಪಳಗುವ ಮಕ್ಕಳಿರುವ ತಾಲ್ಲೂಕಿನ ರಸ್ತೆಗೆ ಕ್ರೀಡಾ ಇಲಾಖೆಯ ಒಂದು ಪಾಲು ಕೇಳುವುದು ಅತಿಯಾಸೆಯಾಗದು.

ಈಗ ನಿಮ್ಮಲ್ಲಿ ಕೆಲವರ ಮುಖದಲ್ಲಿ ಕಾಣುವ ಪ್ರಶ್ನೆ. ಸೈಕಲ್ ತುಳಿಯುವವರು ಯಾರಿದ್ದಾರೆ? ಕೈಯಲ್ಲಿ ನಾಲ್ಕು ಕಾಸಾದರೆ ಎಲ್ಲರೂ ಮೋಟರ್‌ಸೈಕಲ್ಲು ಕೊಳ್ಳುತ್ತಾರೆ. ನಿಜ. ಕೊಳ್ಳಲಿ. ಏಪ್ರಿಲ್ ಬಿಸಿಲಲ್ಲಿ ರಾಮದುರ್ಗದಿಂದ ಬಟಕುರ್ಕಿಗೆ ಸೈಕಲ್ಲಿನಲ್ಲಿ ಹೋಗಿ ಎಂದು ನಾನು ಯಾರಿಗೂ ಉಪದೇಶ ಮಾಡುವುದಿಲ್ಲ. ಪರಿಸರದ ಹೆಸರಲ್ಲಿ ಬಡವರಿಗೆ ಮಾತ್ರ ಸೈಕಲ್ ಹೇಳುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ಹದಿನೆಂಟು ತುಂಬದವರಿಗೆ ಮೋಟರ್‌ಸೈಕಲ್ಲಿನ ಲೈಸೆನ್ಸಿಲ್ಲ. 2019ರ ತಿದ್ದುಪಡಿಯ ನಂತರ ಮಕ್ಕಳ ಕೈಗೆ ಗಾಡಿ ಕೊಟ್ಟ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹಾಗಿದ್ದೂ ಒಂಬತ್ತು, ಹತ್ತನೇ ತರಗತಿಯ ಹುಡುಗರು ಅಪ್ಪನ ಗಾಡಿ ತೆಗೆದುಕೊಂಡು ಶಾಲೆಗೆ ಬರುವುದನ್ನು ಇಲ್ಲಿರುವ ಶಿಕ್ಷಕರೆಲ್ಲ ನೋಡಿದ್ದಾರೆ. ಹುಡುಗಿಯರಿಗೆ ಆ ಗಾಡಿಯೂ ಸಿಗುವುದಿಲ್ಲ. ಅವರು ಶಾಲೆ ಬಿಡುತ್ತಾರೆ. ಹೆಂಗಸರ ಕೈಗೆ ಸೈಕಲ್ಲು ಸಿಕ್ಕರೆ ಏನಾಗುತ್ತದೆ ನೋಡಿ: ತಮಿಳುನಾಡಿನ ಪುದುಕ್ಕೋಟೈನಲ್ಲಿ 1990ರ ದಶಕದ ಆರಂಭದಲ್ಲಿ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಲೇಡೀಸ್ ಸೈಕಲ್ಲು ಸಿಗದೆ ಗಂಡಸರ ಸೈಕಲ್ಲುಗಳನ್ನೇ ತುಳಿದರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದಿದ್ದಾರೆ. ಕಲ್ಲುಕ್ವಾರಿಯ ಕೂಲಿ ಹೆಂಗಸರು ಬಸ್ಸಿಗೆ ಕಾಯುವುದನ್ನು ಬಿಟ್ಟ ಜಿಲ್ಲೆ ಅದು.

ಕೊನೆಗೆ, ಇಲ್ಲಿಂದ ಎದ್ದುಹೋದ ಮೇಲೆ ಮಾಡಬಹುದಾದ ಕೆಲಸ. ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಿಸುವ ಜನ ಯೋಜನಾ ಅಭಿಯಾನ ಅಕ್ಟೋಬರ್ 2ರಿಂದ ನಡೆಯುತ್ತದೆ. ಕರ್ನಾಟಕದಲ್ಲಿ ಮಕ್ಕಳ ಗ್ರಾಮ ಸಭೆ ಎಂಬುದೂ ಇದೆ. ಮಕ್ಕಳು ಎತ್ತಿದ ವಿಷಯವನ್ನು ಪಂಚಾಯಿತಿ ದಾಖಲಿಸಲೇಬೇಕು. ಬಹಳ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೊ ಆಗಿ ಮುಗಿಯುತ್ತದೆ. ಈ ಸಲ ಪ್ರೌಢಶಾಲೆಯ ಶಿಕ್ಷಕರು ಒಂದು ವಾರ ಮಕ್ಕಳಿಂದಲೇ ಎಣಿಕೆ ಮಾಡಿಸಿ. ಯಾವ ಊರಿನಿಂದ ಎಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ, ಎಷ್ಟು ಮಂದಿ ಸೈಕಲ್ ಇದ್ದೂ ತರುವುದಿಲ್ಲ, ಮಗ್ಗಲು ಎಲ್ಲಿ ಮುರಿದಿದೆ, ಅಂಚು ಎಲ್ಲಿ ಗೇಣೆತ್ತರ ಇದೆ. ಬಿಲ್ಲೆ ಹೋದ ಮೇಲೆ ಈ ಲೆಕ್ಕ ಯಾರ ಬಳಿಯೂ ಇಲ್ಲ. ಒಂದು ಹಾಳೆಯಲ್ಲಿ ನಕ್ಷೆ, ಒಂದು ಹಾಳೆಯಲ್ಲಿ ಸಂಖ್ಯೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಸ್ವೀಕೃತಿ ಪಡೆಯಿರಿ. ಪಂಚಾಯಿತಿಯದ್ದಲ್ಲದ ರಸ್ತೆಯಾದರೆ ಅದೇ ಹಾಳೆಯ ಪ್ರತಿ ಸಂಬಂಧಪಟ್ಟ ಉಪವಿಭಾಗದ ಎಂಜಿನಿಯರಿಗೆ ಹೋಗಲಿ. ರಸ್ತೆಯ ವಿನ್ಯಾಸ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 198ಎ ಕಲಮು ಇದೆ ಎಂಬುದನ್ನು ಪತ್ರದ ಕೆಳಗೆ ಮೆತ್ತಗೆ ಒಂದು ಸಾಲಿನಲ್ಲಿ ಸೇರಿಸಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಆ ರಸ್ತೆಯ ಎಸ್ಟಿಮೇಟು ಮತ್ತು ಅಳತೆ ಪುಸ್ತಕದ ನಕಲು ಕೊಡಬೇಕು. ಅದರಲ್ಲಿ ಶೋಲ್ಡರ್ ಎಂಬ ಐಟಂ ಹುಡುಕಿ, ಎಷ್ಟು ಘನಮೀಟರ್ ಗರಸು ಎಂದು ಬರೆದಿದ್ದಾರೆ ನೋಡಿ, ಆಮೇಲೆ ಟೇಪು ಹಿಡಿದು ಆ ರಸ್ತೆಗೆ ಹೋಗಿ. ಅಳತೆ ಪುಸ್ತಕ ಓದಲು ಬಾರದವರು ನನ್ನ ಮನೆಗೆ ಬನ್ನಿ, ಓದಿ ಹೇಳುತ್ತೇನೆ.